ಐವತ್ತು ಗ್ಯಾಲನ್

ಪೊಕಟೆಲ್ಲೊದ ಈ ಓಣಿಯಲ್ಲಿ ಮನೆಬಂಡಿ ಹಿಂದಕ್ಕೆ ತಗೊಳ್ಳುವಾಗ
ಆರಿನ್ ಕೆಳಗಿಳಿದು ಕೈಬೀಸುತ್ತಾನೆ: ಬಾ, ಬಾ, ಇನ್ನೂ ಬಾ.
ಕನ್ನಡಿಯಲ್ಲಿ ಅವನು ಯಾವಾಗಲೂ ತಪ್ಪು ಬದಿಗೇ ನಿಂತಿರುತ್ತಾನೆ.
ಇಪ್ಪತ್ತೊಂಬತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು ನಾನು,
ಅವನ ಕೈ ನೋಡುವುದಿಲ್ಲ;
ಮಗಳ ಅಂಚೆಡಬ್ಬಿ ನೋಡಿಕೊಳ್ಳುತ್ತೇನೆ.
ಹೋದ ಸಲ ಅದನ್ನು ಕೆಡವಿದ್ದೆ.

ಚಕ್ರದಡಿ ಹಲಗೆ, ಎಡಕ್ಕೆರಡು, ಬಲಕ್ಕೊಂದು.
ಅಡುಗೆಕಟ್ಟೆಯ ಮೇಲೆ ಒಂದು ಮೊಟ್ಟೆ ಇಟ್ಟು ನೋಡುತ್ತಾನೆ ಇವನು:
ಉರುಳದಿದ್ದರೆ ಊರು ಸೇರಿದೆವೆಂದು ಲೆಕ್ಕ.
ಆಮೇಲೆ ಕಿತ್ತಳೆ ಬಣ್ಣದ ತಂತಿ,
ಅವರ ಗ್ಯಾರೇಜಿನಿಂದ ನಮ್ಮ ಹೊಟ್ಟೆಗೆ.
ನಮ್ಮ ಹೀಟರೂ ಅವರ ಮೈಕ್ರೋವೇವೂ ಒಟ್ಟಿಗೆ ಎದ್ದರೆ
ಎರಡೂ ಮನೆ ಕತ್ತಲು.
"ಅಮ್ಮಾ!" ಕಿಟಕಿಯಿಂದ ಮಾರೆನ್ ಕೂಗುತ್ತಾಳೆ,
ಹದಿನಾಲ್ಕರಲ್ಲಿ ಕೂಗುತ್ತಿದ್ದಳಲ್ಲ, ಅದೇ ಎಳೆತ.
ತಪ್ಪು ಯಾರದಾದರೂ ಹೆಸರು ನನ್ನದೇ.
ಕತ್ತಲಲ್ಲಿ ನಗು ಬಂತು. ಬರಬಾರದಿತ್ತೇನೋ.

ನಿವೃತ್ತಿಯೆಂದರೆ ಕಡಲಂಚು, ಮಡಚುವ ಕುರ್ಚಿ
ಎಂದಿದ್ದ ಬಂಡಿ ಮಾರಿದವನು.
ಹೇಳದೆ ಬಿಟ್ಟದ್ದು:
ಮಗಳ ವಾಷಿಂಗ್ ಮಶೀನಿಗೆ ಸರದಿ ಕಾಯುವುದು,
ಟವೆಲ್ಲುಗಳ ನಡುವೆ ಸಿಕ್ಕ ನನ್ನ ಒಳಲಂಗವನ್ನು
ಅಳಿಯ ಎರಡು ಬೆರಳಲ್ಲಿ, ಸತ್ತ ಹಕ್ಕಿಯ ಹಾಗೆ, ತಂದು
ಮೆಟ್ಟಿಲ ಮೇಲಿಟ್ಟು ಬಾಗಿಲು ಬಡಿದು ಓಡುವುದು.

ಒಳ್ಳೆಯ ಹುಡುಗ ಡ್ವೇನ್. ಮಾತು ಕಡಿಮೆ.
ಮಾವನಿಗೆಂದು ವರ್ಷವಿಡೀ ಕೆಟ್ಟದ್ದನ್ನು ಕೂಡಿಡುತ್ತಾನೆ:
ತೊಟ್ಟಿಕ್ಕುವ ನಲ್ಲಿ, ಅಲ್ಲಾಡುವ ಕಟಕಟೆ, ಕಿರುಗುಟ್ಟುವ ಗೇಟು.
ಆ ಗೇಟನ್ನು ಅವನೇ ಸರಿಮಾಡಬಲ್ಲ, ನನಗೆ ಗೊತ್ತು;
ಎಣ್ಣೆಡಬ್ಬಿ ಅವನ ಕಪಾಟಿನಲ್ಲೇ ಇದೆ,
ಮೊನ್ನೆ ಮೊನ್ನೆ ಮುಚ್ಚಳ ತೆಗೆದದ್ದು.
ಆರಿನ್‌ಗೆ ಹೇಳಲಿಲ್ಲ.
ಮಂಡಿಯೂರಿ, ಬಾಯಲ್ಲಿ ತಿರುಪು ಕಚ್ಚಿಕೊಂಡು,
ಇವನು ಆ ಮಧ್ಯಾಹ್ನ ಬೇಕಾದವನಾಗಿದ್ದ.

ಟೋಬಿನ್‌ಗೆ ಏಳು. ರಾತ್ರಿ ನಮ್ಮಲ್ಲೇ, ಸ್ಟಿಯರಿಂಗಿನ ಮೇಲಿನ ಅಟ್ಟದಲ್ಲಿ.
ಟಾರ್ಚು, ಬಟ್ಟೆಯ ಮೊಲ, ತಾನೇ ಬರೆದುಕೊಂಡ ಪಾಸ್‌ಪೋರ್ಟು.
"ಅಜ್ಜೀ, ಈಗ ಎಲ್ಲಿದ್ದೇವೆ?"
"ನಿನ್ನ ಮನೆಯ ಮುಂದೆ."
"ಅಲ್ಲ, ಸರಿಯಾಗಿ ಹೇಳು."
"ವಯೋಮಿಂಗ್. ಹೊರಗೆ ಕಾಡೆಮ್ಮೆ."
ಪರದೆ ಸರಿಸಿ ನೋಡಿದ.
ಪಕ್ಕದ ಮನೆಯ ಲುಡೀನ್ ಕಸದ ಡಬ್ಬಿ ಎಳೆದುಕೊಂಡು ಹೋಗುತ್ತಿದ್ದಳು.
"ದೊಡ್ಡದಿದೆ," ಅಂದ.

ಒಂಬತ್ತನೆಯ ದಿನ ಗಾಜಿಗೆ ಅದೇ ಲುಡೀನಳ ಚೀಟಿ,
ದುಂಡಗಿನ ಅಕ್ಷರ, ಕೊನೆಗೊಂದು ಹೂವಿನ ಚಿತ್ರ ಬೇರೆ:
ನಿಮ್ಮ ಬಂಡಿ ನನ್ನ ಟೊಮ್ಯಾಟೊ ಗಿಡದ ಬಿಸಿಲು ತಿನ್ನುತ್ತಿದೆ.
ನಾಲ್ಕಡಿ ಹಿಂದೆ ಸರಿದೆವು.
ಮೊಟ್ಟೆ ಉರುಳಿತು.

"ಇನ್ನೆರಡು ದಿನ ಇರಬಹುದಿತ್ತಲ್ಲ," ಎಂದಳು ಮಾರೆನ್.
ಅರ್ಧ ನಿಜ, ಅರ್ಧ ದಣಿವು;
ಎರಡನ್ನೂ ಒಂದೇ ದನಿಯಲ್ಲಿ ಹೇಳುವುದು
ನನ್ನಿಂದಲೇ ಕಲಿತದ್ದು.
ತೋಟದ ಪೈಪು ಎಳೆದು ತಂದು ನಮ್ಮ ಟ್ಯಾಂಕಿಗೆ ಅವಳೇ ಹಿಡಿದಳು.
ಐವತ್ತು ಗ್ಯಾಲನ್ ತುಂಬಲು ಹತ್ತು ನಿಮಿಷ.
ಅಷ್ಟು ಹೊತ್ತೂ ಹವೆಯ ಬಗ್ಗೆ, ಟೈರಿನ ಗಾಳಿಯ ಬಗ್ಗೆ,
ಟೋಬಿನ್‌ನ ಅಲ್ಲಾಡುವ ಹಲ್ಲಿನ ಬಗ್ಗೆ ಮಾತಾಡಿದೆವು.
ಉಕ್ಕಿ ಅವಳ ಚಪ್ಪಲಿ ನೆನೆಯಿತು.
ಸ್ವಲ್ಪ ತಡವಾಗಿಯೇ ಪೈಪು ತೆಗೆದಳು.

ನೆವಾಡದಲ್ಲಿ ನಾಲ್ಕು ದಿನ ಆ ನೀರಿನ ಕಾಫಿ.
ಬಾಯಿಗೆ ಚೂರು ಕಬ್ಬಿಣ, ಚೂರು ಈಜುಕೊಳ;
ರುಚಿಯೇನಿಲ್ಲ, ಸುಳ್ಳು ಯಾಕೆ.
ಎಲ್ಕೊ ದಾಟುವಾಗ ಮುಳ್ಳು ತಳ ಮುಟ್ಟಿತ್ತು.
ಪೆಟ್ರೋಲ್ ಬಂಕಿನಲ್ಲಿ ನಲ್ಲಿಯಿತ್ತು, ಪುಕ್ಕಟೆ ಎಂಬ ಬೋರ್ಡೂ ಇತ್ತು.
"ತುಂಬಿಸೋಣವಾ?" ಎಂದ ಆರಿನ್, ಆಗಲೇ ಅರ್ಧ ಇಳಿದು.
ತಟ್ಟೆ ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು,
ಸ್ನಾನ ನಾಳೆಯಾದರೂ ನಡೆದೀತು.
"ಮುಂದಿನದರಲ್ಲಿ," ಅಂದೆ,
ಗೇರು ಹಾಕಿದೆ.