ದುಂಡುಗೋಡೆ

ಏಳು ಜನ ಬಂದಿದ್ದಾರೆ. ಏಳು ಜೊತೆ ಬೂಟು
ಮೆಟ್ಟಿಲ ಮೇಲೆ ಬಾಯಿ ಬಿಟ್ಟುಕೊಂಡು ಒಣಗುತ್ತಿವೆ.
ದಾರಿ ತೋರಿಸುವ ನೆಲೊ ಎಂಟನೆಯವ, ನಮ್ಮ ಅತ್ತೆಯ ಮೊಮ್ಮಗ;
ಅವನ ಬೂಟಿಗೆ ಲಾಡಿಯಿಲ್ಲ, ಕರು ಕಟ್ಟುವ ದಾರ.

ಬೆಳಿಗ್ಗೆ ಕಣಿವೆ, ಮಧ್ಯಾಹ್ನ ಪೊರಕೆಗಿಡ ಹೊದಿಸಿದ ಕೊಟ್ಟಿಗೆಗಳು,
ರಾತ್ರಿ ಎತೆಲ್ವಿನಾ ಮನೆ.
ಅವರ ಕಾಗದದಲ್ಲಿ "ಹಳ್ಳಿಯ ಬದುಕು" ಎಂದಿರುವುದು ನಾನೇ ಅಂತೆ.
ಹಳ್ಳಿಯ ಬದುಕು ಈರುಳ್ಳಿ ಹೆಚ್ಚುತ್ತದೆ, ಮೂಗೊರೆಸಿಕೊಳ್ಳುತ್ತದೆ,
ಹಾಲಿನ ವ್ಯಾನಿನವನಿಗೆ ಫೋನಿನಲ್ಲಿ ಬಯ್ಯುತ್ತದೆ.

ನಿನ್ನೆ ಅವರನ್ನು ದುಂಡುಗೋಡೆಗೆ ಕರೆದೊಯ್ದೆ.
ಆಳೆತ್ತರ, ಮೇಲೆ ಇನ್ನರ್ಧ ಆಳು; ಬರೀ ಕಲ್ಲು, ಗಾರೆಯಿಲ್ಲ.
ನೆತ್ತಿಯಲ್ಲಿ ಹೊರಕ್ಕೆ ಚಾಚಿದ ಚಪ್ಪಡಿ:
ಹತ್ತಿದ ಕರಡಿಗೆ ಅಲ್ಲಿ ತಲೆ ತಗುಲಬೇಕು,
ಬಂದ ದಾರಿಗೆ ಸುಂಕವಿಲ್ಲ ಅಂತ ಜಾರಬೇಕು, ಅದು ಲೆಕ್ಕ.
ಒಳಗೆ ಹನ್ನೊಂದು ಜೇನುಗೂಡು, ಚೆಸ್ಟ್‌ನಟ್ ಮರದ ಟೊಳ್ಳು ಬೊಡ್ಡೆಗಳು.
ಮುತ್ತಜ್ಜ ಕಟ್ಟಿದ್ದು. ಕಟ್ಟುವಾಗ ಕಾಲ್ಬೆರಳೊಂದು ಜಜ್ಜಿ
ಆ ಬೆರಳೂ ಗೋಡೆಯೊಳಗೇ ಇದೆ ಎನ್ನುತ್ತಾರೆ ಮನೆಯಲ್ಲಿ.
ನೆಲೊ ಇದನ್ನು ಅವರ ಭಾಷೆಗೆ ದಾಟಿಸಿದಾಗ
ಒಬ್ಬಳು ಕಲ್ಲು ಸವರಿದಳು, ಇನ್ನೊಬ್ಬಳು ಕೈ ಹಿಂತೆಗೆದಳು.

ಕರಡಿ ಬಾರದಿರಲೆಂದು ಮುತ್ತಜ್ಜ ಕಲ್ಲು ಹೊತ್ತ.
ಅಪ್ಪ ರಾತ್ರಿಯೆಲ್ಲ ತಗಡು ಬಡಿದ.
ನಾನು, ಕರಡಿ ಬರಲೆಂದು, ಎಂಟು ಹಾಸಿಗೆ ಹಾಸುತ್ತೇನೆ.
ಬಾರದಿದ್ದರೆ ಅವರ ಮೋರೆ ನೋಡಲಾಗದು;
ತಪ್ಪು ನನ್ನದೆಂಬಂತೆ ಚೀಸಿನ ತುಂಡು ದಪ್ಪಗೆ ಕೊಯ್ಯುತ್ತೇನೆ.

ಈ ಸಂಜೆಯೂ ಎದುರು ಗುಡ್ಡಕ್ಕೆ ಹೋದರು,
ಮುಕ್ಕಾಲಿ, ದುರ್ಬೀನು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು.
ಕೆಮ್ಮು ಬಂದರೆ ತೋಳಿನೊಳಗೆ ಕೆಮ್ಮಬೇಕಂತೆ.
ಓಟ್ಮಾರ್ ಒಬ್ಬ ಉಳಿದ: ಹಿಮ್ಮಡಿ ಸುಲಿದಿದೆ.
ಅಂಚೆ ಕಚೇರಿಯಲ್ಲಿ ನಲವತ್ತು ವರ್ಷ ನಿಂತ ಕಾಲು,
ನಡೆಯಲೆಂದೇ ರಜೆ ಹಾಕಿದ್ದು ಇದೇ ಮೊದಲು.
ಅವನು ಕೈಸನ್ನೆಯಲ್ಲಿ ಹೇಳಿದ್ದು ಇದೋ,
ನಾನು ಹೀಗೆ ತಿಳಿದುಕೊಂಡೆನೋ.
ಕಾಲಿಗೆ ಉಪ್ಪುನೀರಿನ ಬೋಗುಣಿ ಕೊಟ್ಟೆ,
ಕೈಗೆ ಬಿಳಿ ಬೀನ್ಸಿನ ಮೊರ.
ಒಂದೊಂದು ಕಾಳನ್ನೂ ತಿರುಗಿಸಿ, ವಿಳಾಸ ಓದುವವನಂತೆ,
ಹುಳುಕಿದ್ದನ್ನು ಪಕ್ಕಕ್ಕಿಟ್ಟ.

ಕೊಂಬೆ ಮುರಿದ ಸದ್ದು.
ಹಿತ್ತಲಲ್ಲಿ, ಕರಿ ಚೆರ್ರಿ ಮರದಲ್ಲಿ.
ಹುಡುಗರು ಅಂದುಕೊಂಡೆ. ಹುಡುಗರೆಲ್ಲಿಂದ ಬರಬೇಕು!
ಊರಿಗೆ ಇರುವುದೇ ಇಬ್ಬರು, ಒಬ್ಬನ ಕೈ ಪ್ಲಾಸ್ಟರಿನಲ್ಲಿದೆ.

ಕಿಟಕಿಯಿಂದ ಇಪ್ಪತ್ತು ಹೆಜ್ಜೆ:
ಕಂದು ಬೆನ್ನು, ಬಿಸಿಲಿಗೆ ಮಾಸಿದ ಹೆಗಲು.
ಕೊಂಬೆಯನ್ನು ಎದೆಗೆಳೆದುಕೊಂಡು ಹಲ್ಲಿನಲ್ಲಿ ಬಾಚುತ್ತಿದೆ,
ಎಲೆ, ಹಣ್ಣು, ಬೀಜ, ಬೇಧವಿಲ್ಲ.
ಅವಸರವೂ ಇಲ್ಲ. ಒಂದು ಕಿವಿ ಮಾತ್ರ ನಮ್ಮ ಕಡೆ.
ನಮ್ಮ ನಾಯಿ ಬೆಂಚಿನಡಿ ಸೇರಿ
ಗಾಢನಿದ್ದೆ ನಟಿಸಿತು.

ಓಟ್ಮಾರ್ ಎದ್ದು ನಿಂತ, ಎರಡೂ ಕಾಲು ಬೋಗುಣಿಯಲ್ಲೇ.
ಫೋನು ಮೇಜಿನ ಮೇಲಿತ್ತು, ಮೊಳದೂರ. ಮುಟ್ಟಲಿಲ್ಲ.
ಮುಷ್ಟಿಯ ಕಾಳು ಟಪಕ್, ಟಪಕ್,
ನೀರಿಗೆ ಬಿದ್ದವು.
ನಾನು ತಗಡು ಬಡಿಯಬೇಕಿತ್ತು. ಮೊಳೆಗೆ ತೂಗುತ್ತಲೇ ಇದೆ ಅದು.
ಆ ಮರವೆಂದರೆ ನನಗೆ ಚಳಿಗಾಲದ ಜಾಮು, ಹದಿನಾಲ್ಕು ಸೀಸೆ.
ಕೈ ಏಳಲಿಲ್ಲ. ಎಣಿಸುತ್ತ ನಿಂತೆ:
ಹದಿಮೂರು, ಹನ್ನೊಂದು, ಒಂಬತ್ತು...

ಕತ್ತಲಾದ ಮೇಲೆ ಬಂದರು, ಮೈತುಂಬ ಮಂಜಿನ ತೇವ.
ಮೂರು ಕಾಡುಮೇಕೆ, ಒಂದು ಹದ್ದು,
ಕರಡಿಯಂತೆ ಕಂಡ ಬಂಡೆಯೊಂದು.
ಅದನ್ನೇ ಒಂದು ಗಂಟೆ ನೋಡಿದರಂತೆ, ಸರದಿಯಲ್ಲಿ.
ನೆಲೊ ನನ್ನ ಮುಖ ನೋಡಿದ. ನಾನು ಸೌಟು ನೋಡಿದೆ.
ಓಟ್ಮಾರ್ ತಟ್ಟೆ ಮುಂದೆ ಮಾಡುತ್ತ ಏನೋ ಅಂದ,
ಎಲ್ಲರೂ ನಕ್ಕರು. ಏನಂತೆ, ಕೇಳಿದೆ ನೆಲೊನನ್ನು.
"ಸಂಜೆಯಿಡೀ ಕಾಳು ಕಾಯ್ದನಂತೆ,
ಒಂದೂ ಓಡಿಹೋಗಲಿಲ್ಲವಂತೆ."

ಬೆಳಿಗ್ಗೆ ಚೀಲ ಬಿಗಿದು ಮುಂದಿನ ಕಣಿವೆಗೆ ಇಳಿದರು.
ಅವನು ಕೊನೆಗೆ, ಕುಂಟುತ್ತ, ಹಿತ್ತಲು ಬಳಸಿ ಬಂದ,
ಬಗ್ಗಿ ಏನನ್ನೋ ಎತ್ತಿ ಕಿಸೆಗೆ ಹಾಕಿದ.
ಬೀಜವೋ, ತೊಗಟೆಯ ಚಕ್ಕೆಯೋ. ಕೇಳಲಿಲ್ಲ.

ಈ ವರ್ಷ ಜಾಮು ಆರು ಸೀಸೆ.
ಗುರುವಾರ ಇನ್ನೊಂದು ಗುಂಪು, ಒಂಬತ್ತು ಜನ.
ಮುರಿದ ಕೊಂಬೆ ಒಲೆಗೆ ಹಾಕೋಣವೆಂದರೆ
ಇನ್ನೂ ಹಸಿ, ಬರೀ ಹೊಗೆ.