ಬಿಜಾಗರಿಯ ಹಿಂದೆ

ಸೆಗೆಡ್ ಊರಿನ ಮೂರನೆಯ ಮಹಡಿ.
ಟಿಸಾ ಹೊಳೆಯ ಮೀನು ವಾರವಾರವೂ
ಕೆಂಪು ಮೆಣಸಿನ ಪುಡಿಯಲ್ಲಿ ಕುದಿದ ಅಡುಗೆಮನೆ.
ಏರಿದ ಆವಿ ಹೊರಗೆ ಹೋಗಲಿಲ್ಲ;
ಕಪಾಟಿನ ನೆತ್ತಿಯ ಮೇಲೆ ಕೂತು, ಧೂಳನ್ನು ಕರೆದು,
ಜಿಡ್ಡಾಗಿ, ಕಿತ್ತಳೆಯಾಗಿ, ಮನೆಯವರ ಪೈಕಿಯೇ ಆಯಿತು.

ಎತೆಲ್ಕಾ ಇಲ್ಲಿಗೆ ಇವತ್ತೇ ಹೊಸಬಳು.
ಮೊಣಕಾಲಿನ ಆಪರೇಷನ್ನಿಗೆ ಹೊರಟ ಹಾಲ್ಮೊಶ್ ಅಜ್ಜಿ
ಬೀಗದ ಕೈ ಕೊಡುತ್ತ ಹೇಳಿದ್ದು ಒಂದೇ ಮಾತು:
“ಕೊಳೆ ಹೋಗಲಿ. ಮೆರುಗು ಇರಲಿ.”
ಹೇಳುವುದಕ್ಕೇನು.
ಒಂದರ ಮೈಗೊಂದು ಅಂಟಿಕೊಂಡು ಎರಡೂ
ಅರವತ್ತು ವರ್ಷ ಸಂಸಾರ ಮಾಡಿವೆ.

ಚೀಲದಲ್ಲಿ ನೀಲಿ ಸ್ಪ್ರೇ, ಸೋಡಾ ಪುಡಿ,
ಪಾತ್ರೆ ತಿಕ್ಕುವ ಹಸಿರು ನಾರು, ಸಣ್ಣ ಸೀಸೆಯಲ್ಲಿ ಸ್ಪಿರಿಟ್.
ನಾರಿಗೆ ಭೇದವಿಲ್ಲ; ಕೊಳೆಯನ್ನೂ ತಿನ್ನುತ್ತದೆ,
ಬಡಗಿ ಹನ್ನೆರಡು ಸಲ ಬಳಿದ ತೆಳು ಬಿಸಿಲನ್ನೂ.
ಅದು ಚೀಲದಲ್ಲೇ ಇರಲಿ.

ಮೊದಲು ಯಾವ ಮೆರುಗೆಂದು ತಿಳಿಯಬೇಕು.
ಕಣ್ಣಿಗೆ ಬೀಳದ ಕಡೆ ಒಂದು ಹನಿ ಇಟ್ಟು ನೋಡು
ಎಂದು ಕಲಿಸಿದವಳು ದೊಡ್ಡಮ್ಮ ಪಿರೋಷ್ಕಾ.
ಸ್ಪಿರಿಟ್ಟಿಗೆ ಅಂಟಂಟಾದರೆ ಅದು ಅರಗು.
ಅರಗಿನ ಮನೆ ಬೆಂಕಿಗಷ್ಟೇ ಅಂಜುತ್ತದೆ ಅಂದವರು ಯಾರು?
ಬಿಸಿನೀರಿಗೂ ಬಿಳಿಚಿಕೊಳ್ಳುತ್ತದೆ,
ಹಬ್ಬದ ದಿನ ಅಳಿಯ ಇಟ್ಟುಹೋದ
ಪಾಲಿಂಕಾ ಲೋಟದ ತಳಕ್ಕೂ ಕರಗುತ್ತದೆ.
ಉಂಗುರ ಇನ್ನೂ ಅಲ್ಲೇ ಇದೆ. ಅಳಿಯ ವಿಯೆನ್ನಾದಲ್ಲೆಲ್ಲೋ.

ಬತ್ತಿಯಂತೆ ಹೊಸೆದ ಹತ್ತಿ, ಒಂದು ಹನಿ.
ಕೆಳಗಿನ ಬಾಗಿಲು ತೆರೆದು, ಬಿಜಾಗರಿಯ ಹಿಂದೆ
ಯಾರೂ ಬಗ್ಗಿ ನೋಡದ ಎರಡಂಗುಲ ಹುಡುಕಿ
ಟಾರ್ಚ್ ಹಿಡಿದಳು.

ಅಲ್ಲಿ, ಒಂದರ ಕೆಳಗೊಂದು,
ಮಂಕಾದ ಚುಕ್ಕೆಗಳು. ಏಳು.
ಒಂದು ಹೆಸರುಕಾಳಿನಷ್ಟು, ಒಂದು ಹೆಬ್ಬೆರಳಗಲ,
ಒಂದು ಅವಸರದಲ್ಲಿ ಜಾರಿ ಬಾಲ ಬಿಟ್ಟಿದೆ.

ತನಗಿಂತ ಮೊದಲು ಏಳು ಮಂದಿ
ಇದೇ ಮೂಲೆ ಆರಿಸಿ, ಹೀಗೇ ಮಂಡಿಯೂರಿ,
ಹೆದರಿ ಹೆದರಿ ಒಂದು ಹನಿ ಇಟ್ಟು, ಬೆವತು,
ಬಾಗಿಲು ಮುಚ್ಚಿ, ಯಾರಿಗೂ ಹೇಳದೆ
ಸಂಜೆಯ ಟ್ರಾಮ್ ಹತ್ತಿದ್ದಾರೆ.
ಹೊರಮೈಯಲ್ಲಿ ಒಂದು ಗೀರಿಲ್ಲ.

ಸಂಬಂಧಿಕರ ಫೋಟೊ ನೋಡುವ ಹಾಗೆ
ಒಂದಷ್ಟು ಹೊತ್ತು ಕೂತೇ ಇದ್ದಳು.
ಆಮೇಲೆ ಸೀಸೆಯ ಬಿರಡೆ ಒತ್ತಿ ಮುಚ್ಚಿದಳು.
ಎಂಟನೆಯದು ಬೇಕಿಲ್ಲ.

ಹಳೆಯ ಬನಿಯನ್ನಿನ ತುಂಡು, ಉಗುರುಬೆಚ್ಚನೆಯ ನೀರು,
ಅದರಲ್ಲಿ ಸಾಬೂನು ಇದೆಯೋ ಇಲ್ಲವೋ ಅನ್ನುವಷ್ಟು;
ಹಿಂಡಿ, ಮತ್ತೆ ಹಿಂಡಿ, ಕೈಗೇ ಒದ್ದೆಯೆನಿಸದ ತನಕ.
ಮರದ ಗೆರೆ ಹೋದ ಕಡೆಗೇ ಕೈ,
ಅದರ ಬೆನ್ನಿಗೇ ಒಣಬಟ್ಟೆ,
ಮಿಂದ ಮಗುವಿನ ತಲೆ ಒರೆಸುವಷ್ಟು ಬೇಗ.
ಬಕೆಟ್ಟಿನ ನೀರು ಮೆಲ್ಲಗೆ
ಮೀನಿನ ಸಾರಿನ ಬಣ್ಣಕ್ಕೆ ತಿರುಗಿತು.
ಮಧ್ಯಾಹ್ನಕ್ಕೆ ಮೂರು ಬಾಗಿಲು. ಇನ್ನು ಒಂಬತ್ತು.

ಹಿಡಿಗಳ ಸುತ್ತ ಮಾತ್ರ
ಜಿಡ್ಡು ಬಿಟ್ಟ ಜಾಗದಲ್ಲಿ ಮೆರುಗೇ ಇರಲಿಲ್ಲ,
ಬರೀ ಮರ. ಅಜ್ಜಿಯ ಬೆರಳುಗಳೇ
ದಿನಕ್ಕಿಷ್ಟಿಷ್ಟು ತಿಂದು ಮುಗಿಸಿದ್ದವು.
ಇದನ್ನು ಅವರಿಗೆ ಹೇಗೆ ಹೇಳುವುದೆಂದು ಯೋಚಿಸುತ್ತ
ಎತೆಲ್ಕಾ ಬಟ್ಟೆ ಹಿಂಡಿದಳು.