ಮೂವತ್ತೊಂದು ಚೀಲ

ಕಾರಟಗಿಯ ಮಿಲ್ಲಿನಾಗ ನಾ ಚೀಲ ಎಣಿಸಾಕಿ.
ಹಮಾಲರು ಒಂದೊಂದು ಹೊತ್ತು ಹಾದಂಗ
ಸುಣ್ಣದ ಗೋಡಿ ಮ್ಯಾಲ ಇದ್ದಲಿಯಿಂದ ಒಂದು ಗೀಟು,
ನಾಲ್ಕಾದ ಮ್ಯಾಲ ಒಂದು ಅಡ್ಡ.
ಏಳನೇತ್ತ ಓದಿದ್ದು ಇಷ್ಟಕ್ಕ ಬಂತು.

ಐದಕ್ಕ ಸೈರನ್ ಆತಂದ್ರ,
ಕುದಿಸಿದ ನೆಲ್ಲು ಬಳಿದು ಗುಡ್ಡಿ ಹಾಕಿ
ತಾಡಪತ್ರಿ ಹೊದಿಸಿದ ಮ್ಯಾಲ
ಆ ಕಣ ನಮ್ಮದು.
ಸಿಮೆಂಟಿನ ನೆಲ, ಬಿದ್ದರ ಮೊಣಕಾಲು ಸುಲಿತೈತಿ,
ಅದಕ್ಕ ಎರಡು ಚೀಲ ಹೊಟ್ಟು ಹರವಿ
ಬಾಯ್ಲರಿನ ಬೂದೀಲೆ ಗೆರಿ ಎಳದು
ಸೀರಿ ಕಚ್ಚಿ ಹಾಕಿ ಕಬಡ್ಡಿ.

ಮೌಲಾಬಿ ಬಲಗಾಲು ಬೀಸಿದ್ಲಂದ್ರ
ಹೊಟ್ಟು ಹಾರಿ ಎರಡೂ ಕಡಿಯವ್ರು ಸೀನ್ತಾರ.
ಈರಮ್ಮತ್ತಿಗೆ ಐವತ್ತರ ಮ್ಯಾಲ,
ಮನ್ಯಾಗ ಕೇಳಿದ್ದಕ್ಕ ಹ್ಞೂಂ ಅಂತಾಳ, ಅಷ್ಟ.
ಇಲ್ಲಿ ಒಂದ ಉಸಿರಿನಾಗ
ಓಣಿಗೆಲ್ಲ ಕೇಳುವಂಗ ಕಬಡ್ಡಿ ಕಬಡ್ಡಿ ಅನಕೋತ ಹೋಗಿ
ಮೂರು ಮಂದೀನ ಮುಟ್ಟಿ ಬರ್ತಾಳ.

ಯಾರೋ ವಿಡಿಯೋ ತಗದಿದ್ರು,
ಗಿಡ್ಡಮ್ಮನ ಗಂಡಗ ಮುಟ್ಟಿತು.
ಬಂದ, ಗೇಟಿನಾಗ ನಿಂತ, ಕರೀಲಿಲ್ಲ,
ಬೀಡಿ ಮುಗಿಯೋ ತನಕ ನೋಡಿ
‘ಆಕಿ ಎಡಕ್ಕ ಭಾಳ ವಾಲ್ತಾಳ’ ಅಂದು ಹೋದ.

ಪಾಯಿಂಟ್ ಬರಿಯಾಕೀನೂ ನಾನ.
ಅದ ಗೋಡಿ, ಅದ ಇದ್ದಲಿ.

ಒಂದಿನ ಗುಮಾಸ್ತ ಬಂದು ಎಣಿಸಿದ,
ಗೋದಾಮಿಗೂ ಗೋಡಿಗೂ ತಾಳೆ ಬೀಳವಲ್ದು.
ಮೂವತ್ತೊಂದು ಚೀಲ ಹೆಚ್ಚು.
ಚಾಳೀಸು ಒರಸಿ ಮತ್ತ ಎಣಿಸಿದ,
ಲಾರಿ ಡ್ರೈವರಗ ಫೋನ್ ಹಚ್ಚಿ ಬೈದ.
ನಾವು ನೆಲ್ಲಿನಾಗ ಕಾಲಿಲೆ ಸಾಲು ಎಳಕೋತ
ತಲಿ ಎತ್ತಲಿಲ್ಲ,
ಬೆನ್ನು ಮಾತ್ರ ಕುಲುಕಾಡ್ತಿದ್ವು ನಗಿಗೆ.
ಕಡೀಕ ಈರಮ್ಮತ್ತಿ:
‘ಅವು ನಮ್ಮವ್ರಿ ಸರ. ತೂಕಕ್ಕ ಬರಂಗಿಲ್ಲ.’

ಅವತ್ತಿಂದ ಚೀಲಕ್ಕ ಇದ್ದಲಿ, ಆಟಕ್ಕ ಇಟ್ಟಂಗಿ ಚೂರು.
ಕೆಂಪು ಗೀಟು ಕಿಡಕಿ ದಾಟಿ ಮೂಲಿಗೆ ಹೊಂಟಾವ.

ನಿನ್ನಿ ಒಬ್ಬಾಕಿ ಬರಲಿಲ್ಲ, ಕೂಸಿಗೆ ಜ್ವರ.
‘ನೀ ಬಾ’ ಅಂದ್ರು.
ನನಗ ಬರಂಗಿಲ್ಲ ಅಂದೆ.
‘ಉಸಿರಾಡಾಕ ಬರತೈತಿಲ್ಲ?’

ಚೂರು ಕಿಡಕಿಯಾಗಿಟ್ಟು ಗೆರಿ ದಾಟಿದೆ.
ಎಷ್ಟು ಮಂದೀನ ಮುಟ್ಟಿದೆ, ಯಾರು ಹಿಡಿದ್ರು,
ಎಲ್ಲಿ ಉಸಿರು ಬಿಟ್ಟೆ,
ಸುಲಿದ ಮೊಣಕೈಗೊಂದ ಗೊತ್ತು.
ನಿನ್ನಿಯ ಆಟ
ಗೋಡಿ ಮ್ಯಾಲ ಇಲ್ಲ.